ರೀಲು ತೊಳೆದವನ ತಪ್ಪೇ?

ನಲವತ್ತು ದಾಟಿದವರಿಗೆ 'ರೀಲು ತೊಳೆಸುವುದು' ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಮದುವೆಯೋ ಗೃಹಪ್ರವೇಶವೋ ಮುಗಿದ ಮೇಲೆ ಕ್ಯಾಮೆರಾದ ಮೂವತ್ತಾರು ಚಿತ್ರಗಳ ರೀಲನ್ನು ಸ್ಟುಡಿಯೊಗೆ ಕೊಟ್ಟು ಚೀಟಿ ಪಡೆದು, ಹೇಳಿದ ದಿನಕ್ಕೆ ಹೋಗಿ ನಿಲ್ಲುತ್ತಿದ್ದ ಕಾಲವದು. ಹೆಚ್ಚಿನ ಸಲ ಚಿತ್ರಗಳು ಬರುತ್ತಿದ್ದವು. ಒಮ್ಮೊಮ್ಮೆ ಸ್ಟುಡಿಯೊದವರು ಮುಖ ಸಣ್ಣ ಮಾಡಿಕೊಂಡು 'ಏನೂ ಬಂದಿಲ್ಲ' ಎನ್ನುತ್ತಿದ್ದರು. ತಪ್ಪು ಯಾರದು? ರೀಲಿಗೆ ಬೆಳಕು ತಗುಲಿತ್ತೆ? ಕ್ಯಾಮೆರಾ ಹಿಡಿದವರು ಮುಚ್ಚಳ ತೆಗೆದಿರಲಿಲ್ಲವೆ? ಅಥವಾ ಒಳಗೆ ತೊಳೆಯುವಾಗಲೇ ಏನಾದರೂ ಕೆಟ್ಟಿತೆ? ಹೊರಗೆ ನಿಂತ ಗಿರಾಕಿಗೆ ಇದನ್ನು ತಿಳಿಯುವ ದಾರಿಯೇ ಇರಲಿಲ್ಲ, ಏಕೆಂದರೆ ಕೆಲಸ ನಡೆಯುತ್ತಿದ್ದುದು ಕತ್ತಲೆ ಕೋಣೆಯಲ್ಲಿ. ಇವತ್ತಿನ ಮಾತು ಆ ಕೋಣೆಯ ಕುರಿತು, ಮತ್ತು ಅಲ್ಲಿ ಕೆಟ್ಟುಹೋದವೆಂದು ಎಪ್ಪತ್ತು ವರ್ಷ ಜಗತ್ತು ನಂಬಿದ್ದ ಕೆಲವು ಚಿತ್ರಗಳ ಕುರಿತು.

'ತೊಳೆಯುವುದು' ಎಂಬ ಮಾತು ಸ್ವಲ್ಪ ದಾರಿ ತಪ್ಪಿಸುತ್ತದೆ. ಬಟ್ಟೆ ತೊಳೆದರೆ ಇದ್ದ ಕೊಳೆ ಹೋಗುತ್ತದೆ. ರೀಲು ತೊಳೆದರೆ ಇಲ್ಲದಿದ್ದ ಚಿತ್ರ ಬರುತ್ತದೆ. ಪ್ಲಾಸ್ಟಿಕ್ಕಿನಂಥ ಪಟ್ಟಿಯ ಮೇಲೆ ಜೆಲಾಟಿನ್ ಎಂಬ ಅಂಟಿನ ತೆಳುವಾದ ಪದರವಿರುತ್ತದೆ. ಈ ಜೆಲಾಟಿನ್ ಪ್ರಾಣಿಗಳ ಮೂಳೆ ಮತ್ತು ಚರ್ಮದಿಂದ ತೆಗೆದದ್ದು. ಎಷ್ಟೇ ಮಡಿವಂತರ ಮನೆಯ ಮದುವೆ ಆಲ್ಬಮ್ಮಾದರೂ ಇದರಿಂದ ತಪ್ಪಿಸಿಕೊಂಡಿರಲಿಲ್ಲ ಎಂಬುದು ಬೇರೆ ಮಾತು. ಆ ಅಂಟಿನೊಳಗೆ ಬೆಳ್ಳಿಯ ಲವಣದ ಸೂಕ್ಷ್ಮ ಹರಳುಗಳು ಹರಡಿಕೊಂಡಿರುತ್ತವೆ. ಕ್ಯಾಮೆರಾದ ಕಣ್ಣು ಕ್ಷಣಮಾತ್ರ ತೆರೆದಾಗ ಬೆಳಕು ಬಿದ್ದ ಹರಳುಗಳಲ್ಲಿ ಬರಿಗಣ್ಣಿಗೆ ಕಾಣದ ಬದಲಾವಣೆಯಾಗುತ್ತದೆ. ಡೆವಲಪರ್ ದ್ರಾವಣದಲ್ಲಿ ಅದ್ದಿದಾಗ ಅಂಥ ಹರಳುಗಳು ಮಾತ್ರ ಕಪ್ಪು ಬೆಳ್ಳಿಯಾಗುತ್ತವೆ. ಬೆಳಕು ಬೀಳದ ಹರಳುಗಳು ಹಾಗೆಯೇ ಉಳಿದಿರುತ್ತವೆ. ಅವನ್ನು ಕರಗಿಸಿ ತೆಗೆಯುವುದು ಹೈಪೊ. ಬೆಳ್ಳಿಯ ಲವಣವನ್ನು ಹೈಪೊ ಕರಗಿಸುತ್ತದೆ ಎಂಬುದನ್ನು ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಶೆಲ್ 1819ರಲ್ಲಿಯೇ, ಅಂದರೆ ಫೋಟೊಗ್ರಫಿ ಹುಟ್ಟಿದ ಸುದ್ದಿ ಜಗತ್ತಿಗೆ ತಿಳಿಯುವುದಕ್ಕೆ ಇಪ್ಪತ್ತು ವರ್ಷ ಮೊದಲೇ ಕಂಡುಕೊಂಡಿದ್ದರು. ಹೈಪೊ ಆದ ಮೇಲೆ ಹರಿಯುವ ನೀರಿನಲ್ಲಿ ತೊಳೆಯಬೇಕು. ನಿಜವಾಗಿ ತೊಳೆಯುವುದು ಇದೊಂದೇ ಹಂತದಲ್ಲಿ. ಕಡೆಗೆ ದೂಳಿಲ್ಲದ ಜಾಗದಲ್ಲಿ ನೇತುಹಾಕಿ ಒಣಗಿಸಬೇಕು.

ಕೇಳಲು ಸುಲಭ. ಆದರೆ ಪ್ರತಿ ಹಂತದಲ್ಲೂ ಮೂರು ವಿಷಯ ಕಾಯಬೇಕು: ಹೊತ್ತು, ಶಾಖ, ದ್ರಾವಣದ ಕಸುವು. ಕಪ್ಪು-ಬಿಳುಪು ರೀಲಿಗೆ ಡೆವಲಪರ್ ಸುಮಾರು 20 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ರೂಢಿ. ಯುರೋಪಿನವರು ತಮ್ಮ ಹವೆಗೆ ತಕ್ಕಂತೆ ಮಾಡಿಕೊಂಡ ಲೆಕ್ಕವಿದು. ಏಪ್ರಿಲ್ ತಿಂಗಳ ರಾಯಚೂರಿನಲ್ಲಿ ನಲ್ಲಿಯ ನೀರೇ ಅದಕ್ಕಿಂತ ಎಷ್ಟೋ ಬಿಸಿಯಾಗಿರುತ್ತದೆ. ಬಿಸಿ ಹೆಚ್ಚಿದರೆ ಚಿತ್ರ ಬೇಗ ಕಪ್ಪಾಗುವುದಷ್ಟೇ ಅಲ್ಲ, ನೀರು ಕುಡಿದು ಉಬ್ಬಿದ ಜೆಲಾಟಿನ್ ಮೆತ್ತಗಾಗಿ, ಬೆರಳು ತಗುಲಿದರೆ ಎದ್ದು ಬರುತ್ತದೆ. ಅದಕ್ಕಾಗಿಯೇ ಉಷ್ಣ ದೇಶಗಳ ಫೋಟೊಗ್ರಾಫರುಗಳು ದ್ರಾವಣದ ತಟ್ಟೆಯನ್ನು ಮಂಜುಗಡ್ಡೆಯ ನೀರಿನಲ್ಲಿ ಇಡುತ್ತಿದ್ದರು. ಹೈಪೊಗೆ ಪಟಿಕ ಸೇರಿಸಿ ಜೆಲಾಟಿನ್ ಗಟ್ಟಿಯಾಗುವಂತೆ ಮಾಡುತ್ತಿದ್ದರು. ಹಜಾಮರ ಅಂಗಡಿಯಲ್ಲಿ ಕೆನ್ನೆಗೆ ಉಜ್ಜುವ ಅದೇ ಪಟಿಕ. ಬಿಸಿ ದ್ರಾವಣದಿಂದ ತೆಗೆದು ಫಕ್ಕನೆ ತಣ್ಣೀರಿಗೆ ಹಾಕಿದರೆ ಇನ್ನೊಂದು ಅನಾಹುತ: ಜೆಲಾಟಿನ್ ಸುಕ್ಕುಗಟ್ಟಿ, ಕೆರೆಯಂಗಳದ ಮಣ್ಣು ಬಿರಿದಂತೆ ಚಿತ್ರದ ತುಂಬ ಗೆರೆಗಳು ಮೂಡುತ್ತವೆ. ನೀರು ಗಡಸಾಗಿದ್ದರೆ ಒಣಗಿದ ಮೇಲೆ ಸುಣ್ಣದ ಚುಕ್ಕೆ ಉಳಿಯುತ್ತದೆ. ಪ್ರಿಂಟು ಕೆಟ್ಟರೆ ಇನ್ನೊಂದು ಹಾಕಬಹುದು. ನೆಗೆಟಿವ್ ಕೆಟ್ಟರೆ ಅಲ್ಲಿಗೆ ಮುಗಿಯಿತು.

ಇವೆಲ್ಲ ಕೂಡಲೇ ಕಣ್ಣಿಗೆ ಬೀಳುವ ತಪ್ಪುಗಳು. ಹೆಚ್ಚು ಮೋಸದವು ತಡವಾಗಿ ಕಾಣಿಸಿಕೊಳ್ಳುವಂಥವು. ಮನೆಯ ಗೋಡೆಯ ಮೇಲೆ ಅಜ್ಜ-ಅಜ್ಜಿಯರ ಹಳದಿಗಟ್ಟಿದ ಫೋಟೊ ನೋಡಿ 'ಹಳೆಯದಾಯಿತು, ಅದಕ್ಕೇ ಹೀಗೆ' ಎನ್ನುತ್ತೇವೆ. ಪಕ್ಕದಲ್ಲೇ ಅದೇ ಕಾಲದ ಇನ್ನೊಂದು ಫೋಟೊ ಸ್ವಚ್ಛವಾಗಿ ಇರುವುದುಂಟು. ವಯಸ್ಸೊಂದೇ ಕಾರಣವಾಗಿದ್ದರೆ ಎರಡೂ ಒಂದೇ ತರಹ ಮಾಸಬೇಕಿತ್ತು. ಬಹಳಷ್ಟು ಸಲ ಇದರ ಕಾರಣ ತೊಳೆದವರ ಕೈಯಲ್ಲಿದೆ. ಹೈಪೊ ಸರಿಯಾಗಿ ತೊಳೆದುಹೋಗದೆ ಕಾಗದದಲ್ಲಿ ಉಳಿದರೆ ಅದರ ಗಂಧಕ ವರ್ಷಗಟ್ಟಲೆ ನಿಧಾನವಾಗಿ ಬೆಳ್ಳಿಯನ್ನು ತಿನ್ನುತ್ತದೆ. ಕಪ್ಪು ಕಂದಾಗಿ, ಕಂದು ಹಳದಿಯಾಗುತ್ತದೆ. ಹಳೆಯ, ಕಸುವು ಹೋದ ಹೈಪೊ ಬಳಸಿದ್ದರೂ ಫಲ ಹೆಚ್ಚುಕಡಿಮೆ ಅದೇ. ಅರ್ಧ ಗಂಟೆ ನೀರು ಉಳಿಸಿದ್ದಕ್ಕೆ ಮೊಮ್ಮಕ್ಕಳ ಕಾಲಕ್ಕೆ ದಂಡ.

ಈ ದೂರು ಫೋಟೊಗ್ರಫಿಯಷ್ಟೇ ಹಳೆಯದು. 1850ರ ದಶಕದಲ್ಲಿ ಲಂಡನ್ನಿನ ಫೋಟೊಗ್ರಾಫಿಕ್ ಸೊಸೈಟಿಯ ಸದಸ್ಯರಿಗೆ ತಮ್ಮ ಚಿತ್ರಗಳು ಕೆಲವೇ ವರ್ಷಗಳಲ್ಲಿ ಮಾಸಿಹೋಗುತ್ತಿರುವುದು ಕಂಡು ಗಾಬರಿಯಾಯಿತು. 1855ರಲ್ಲಿ ಸೊಸೈಟಿ ಒಂದು ಸಮಿತಿ ನೇಮಿಸಿತು. ಅದಕ್ಕೆ ಜನರಿಟ್ಟ ಹೆಸರು 'ಮಾಸುವಿಕೆ ಸಮಿತಿ'. ರಾಣಿ ವಿಕ್ಟೋರಿಯಾಳ ಪತಿ ಪ್ರಿನ್ಸ್ ಆಲ್ಬರ್ಟ್ ಇದರ ಖರ್ಚಿಗೆ 50 ಪೌಂಡು ಕೊಟ್ಟರು. ಸಮಿತಿ ಅದೇ ವರ್ಷ ವರದಿ ಕೊಟ್ಟು, ಕಾಗದದಲ್ಲಿ ಉಳಿದ ಹೈಪೊ ಮುಖ್ಯ ಅಪರಾಧಿ ಎಂದು ಬೊಟ್ಟು ಮಾಡಿತು. ವರದಿಯಾಗಿ ನೂರೆಪ್ಪತ್ತು ವರ್ಷ ಕಳೆದಿದೆ. ಅವಸರದ ಕೈಗಳು ಅದನ್ನು ಓದಲಿಲ್ಲ ಅಷ್ಟೆ.

ಬಣ್ಣದ ರೀಲು ಬಂದ ಮೇಲೆ ಕತೆ ಬದಲಾಯಿತು. 1972ರಲ್ಲಿ ಕೊಡಾಕ್ ಸಿ-41 ಎಂಬ ವಿಧಾನ ತಂದಿತು. ಬರಬರುತ್ತ ಜಗತ್ತಿನ ಬಹುಪಾಲು ಕಲರ್ ನೆಗೆಟಿವ್‌ಗಳು ಅದರಲ್ಲೇ ತಯಾರಾಗತೊಡಗಿದವು. ಇದರ ಡೆವಲಪರ್ 37.8 ಡಿಗ್ರಿಯಲ್ಲಿರಬೇಕು, 3 ನಿಮಿಷ 15 ಸೆಕೆಂಡು ಅದ್ದಬೇಕು. ಕಾಲು ಡಿಗ್ರಿ ಆಚೀಚೆಯಾದರೂ ಬಣ್ಣ ವಾಲುತ್ತದೆ. ಇಷ್ಟು ನಿಖರತೆ ಕೈಗೆ ದಕ್ಕುವಂಥದ್ದಲ್ಲವಾದ್ದರಿಂದ ಯಂತ್ರ ಬಂತು, ಪೇಟೆಯ ಮೂಲೆಗಳಲ್ಲಿ 'ಒಂದು ಗಂಟೆಯಲ್ಲಿ ಫೋಟೊ' ಎಂಬ ಬೋರ್ಡು ಬಂತು. ಯಂತ್ರ ಬಂದರೆ ತಪ್ಪು ನಿಲ್ಲಬೇಕಿತ್ತಲ್ಲ? ನಿಲ್ಲಲಿಲ್ಲ, ವೇಷ ಬದಲಿಸಿತು. ಯಂತ್ರದ ರೋಲರಿಗೆ ಮರಳಿನ ಕಣ ಅಂಟಿದರೆ ರೀಲಿನ ಉದ್ದಕ್ಕೂ ರೈಲು ಹಳಿಯಂತೆ ಗೀರು. ದ್ರಾವಣ ಹಳತಾದರೆ ಮದುಮಗಳ ಮುಖಕ್ಕೆ ಹಸಿರು ಛಾಯೆ. ಇಲ್ಲೊಂದು ಸ್ವಾರಸ್ಯವಿದೆ. ಗಿರಾಕಿ ಕಡಿಮೆ ಇರುವ ಲ್ಯಾಬಿನಲ್ಲಿ ಹೆಚ್ಚು ಜೋಪಾನ ಎಂದು ಜನ ಭಾವಿಸುತ್ತಿದ್ದರು. ವಾಸ್ತವ ಅದರ ತಿರುವು ಮುರುವು. ಪ್ರತಿ ರೀಲು ಹೋದಂತೆ ಯಂತ್ರಕ್ಕೆ ಹೊಸ ದ್ರಾವಣ ಸೇರುತ್ತಿರುತ್ತದೆ; ದಿನಕ್ಕೆ ನಾಲ್ಕು ರೀಲು ಬಂದರೆ ತೊಟ್ಟಿಯಲ್ಲಿದ್ದದ್ದು ಗಾಳಿಗೆ ಕೆಡುತ್ತದೆ. ಹೋಟೆಲಿನ ಸಾಂಬಾರಿನಂತೆ ಇದು: ವ್ಯಾಪಾರ ಚೆನ್ನಾಗಿರುವ ಕಡೆಯೇ ತಾಜಾ.

ಇನ್ನು ಎಲ್ಲಕ್ಕಿಂತ ಪ್ರಸಿದ್ಧವಾದ ಅವಘಡಕ್ಕೆ ಬರಬಹುದು.

1944ರ ಜೂನ್ 6. ಎರಡನೇ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳ ಸೇನೆ ಫ್ರಾನ್ಸಿನ ನಾರ್ಮಂಡಿ ತೀರಕ್ಕೆ ಇಳಿದ ದಿನ. ಒಮಾಹಾ ಎಂದು ಗುಪ್ತನಾಮವಿಟ್ಟಿದ್ದ ಕಡಲತೀರದಲ್ಲಿ ಅಮೆರಿಕದ ಪಡೆಗಳ ಜೊತೆ ಇಳಿದವರಲ್ಲಿ ಅಮೆರಿಕದ 'ಲೈಫ್' ಪತ್ರಿಕೆಯ ಛಾಯಾಗ್ರಾಹಕ ರಾಬರ್ಟ್ ಕಾಪಾ ಒಬ್ಬರು. ಹಂಗೇರಿಯ ಬುಡಾಪೆಸ್ಟಿನಲ್ಲಿ 1913ರಲ್ಲಿ ಹುಟ್ಟಿದ ಇವರ ಮೂಲ ಹೆಸರು ಎಂದ್ರೆ ಫ್ರೀಡ್ಮನ್. ಸ್ಪೇನಿನ ಅಂತರ್ಯುದ್ಧದ ಚಿತ್ರಗಳಿಂದ ಆಗಲೇ ದೊಡ್ಡ ಹೆಸರು ಮಾಡಿದ್ದರು. ಎದೆಮಟ್ಟದ ನೀರು, ಎದುರಿನಿಂದ ಗುಂಡಿನ ಮಳೆ, ಕೈಯಲ್ಲಿ ಕಾಂಟ್ಯಾಕ್ಸ್ ಕ್ಯಾಮೆರಾ. ಅವರು ತೆಗೆದ ಚಿತ್ರಗಳಲ್ಲಿ ಒಂದನ್ನು ತಾವೂ ನೋಡಿರಬಹುದು: ನೊರೆನೀರಿನಲ್ಲಿ ಮುಕ್ಕಾಲು ಮುಳುಗಿ ತೆವಳುತ್ತಿರುವ ಒಬ್ಬ ಸೈನಿಕ, ಮುಖ ಮಸುಕು, ಹಿಂದೆ ಶತ್ರುಗಳು ನೆಟ್ಟ ಕಬ್ಬಿಣದ ತಡೆಗಳು. 1998ರಲ್ಲಿ ಸ್ಟೀವನ್ ಸ್ಪೀಲ್‌ಬರ್ಗ್ 'ಸೇವಿಂಗ್ ಪ್ರೈವೇಟ್ ರಯಾನ್' ಚಿತ್ರದ ಮೊದಲ ಯುದ್ಧದೃಶ್ಯಕ್ಕೆ ಮಾದರಿಯಾಗಿ ಇಟ್ಟುಕೊಂಡದ್ದು ಈ ಚಿತ್ರಗಳನ್ನೇ.

ಕಾಪಾ ಹಡಗೇರಿ ಮರುದಿನ ಇಂಗ್ಲೆಂಡಿಗೆ ಮರಳಿದರು, ರೀಲುಗಳನ್ನು ಲಂಡನ್ನಿಗೆ ಕಳಿಸಿದರು. ಜೂನ್ 7ರ ರಾತ್ರಿ ಸುಮಾರು ಒಂಬತ್ತಕ್ಕೆ ಅವು 'ಲೈಫ್' ಕಚೇರಿ ತಲುಪಿದವು. ಅಲ್ಲಿನ ಚಿತ್ರ ಸಂಪಾದಕ ಜಾನ್ ಮಾರಿಸ್, ವಯಸ್ಸು 27. ಮರುದಿನ ಬೆಳಿಗ್ಗೆ ಒಂಬತ್ತರೊಳಗೆ ರೀಲು ತೊಳೆದು, ಪ್ರಿಂಟು ಹಾಕಿ, ಸೇನೆಯ ಸೆನ್ಸಾರಿನವರಿಗೆ ತೋರಿಸಿ, ಅಮೆರಿಕಕ್ಕೆ ಹೋಗುವ ಅಂಚೆಚೀಲಕ್ಕೆ ಸೇರಿಸಬೇಕು. ತಪ್ಪಿದರೆ ಆ ವಾರದ ಸಂಚಿಕೆ ತಪ್ಪಿತು. ಅಂದು ರಾತ್ರಿ ಕತ್ತಲೆ ಕೋಣೆಯವರಿಗೆ ಮಾರಿಸ್ ಹೇಳಿದ್ದು ಒಂದೇ ಮಾತು: ಬೇಗ, ಬೇಗ.

ಮುಂದಿನದನ್ನು ಮಾರಿಸ್ ದಶಕಗಳ ಕಾಲ ಹೀಗೆ ಹೇಳುತ್ತ ಬಂದರು. ರೀಲುಗಳು ಚೆನ್ನಾಗಿಯೇ ಡೆವಲಪ್ ಆಗಿದ್ದವು. ಒಣಗಿಸಲು ಅವನ್ನು ಬಿಸಿಗಾಳಿಯ ಕಪಾಟಿನಲ್ಲಿ ನೇತುಹಾಕಿದ್ದರು. ಅವಸರದಲ್ಲಿದ್ದ ಲ್ಯಾಬಿನ ಹುಡುಗನೊಬ್ಬ ಶಾಖ ಏರಿಸಿ ಕಪಾಟಿನ ಬಾಗಿಲು ಮುಚ್ಚಿಬಿಟ್ಟ. ಗಾಳಿಯಾಡದೆ ಜೆಲಾಟಿನ್ ಕರಗಿತು. ಸ್ವಲ್ಪ ಹೊತ್ತಿಗೆ ಹುಡುಗ ಅಳುತ್ತ ಓಡಿಬಂದ. ಯುದ್ಧದ ನಾಲ್ಕು ರೀಲುಗಳಲ್ಲಿ ಮೂರರಲ್ಲಿ ಏನೂ ಇರಲಿಲ್ಲ. ನಾಲ್ಕನೆಯದರಲ್ಲಿ ಹನ್ನೊಂದು ಚಿತ್ರ ಉಳಿದಿದ್ದವು. ಆ ಹನ್ನೊಂದನ್ನೇ ಹಿಡಿದು ಮಾರಿಸ್ ಸೆನ್ಸಾರಿನವರ ಬಳಿಗೆ ಓಡಿದರು, ಕಡೆಯ ನಿಮಿಷದಲ್ಲಿ ಅಂಚೆಯವರ ಕೈಗೆ ಮುಟ್ಟಿಸಿದರು. ಜೂನ್ 19ರ ಸಂಚಿಕೆಯಲ್ಲಿ ಚಿತ್ರಗಳು ಅಚ್ಚಾದವು. ಅಡಿಬರಹದಲ್ಲಿ 'ಲೈಫ್' ಲ್ಯಾಬಿನ ಮಾತೇ ಎತ್ತಲಿಲ್ಲ. ಆ ಗಳಿಗೆಯ ಉದ್ವೇಗಕ್ಕೆ ಕಾಪಾ ಕ್ಯಾಮೆರಾ ಅಲುಗಿಸಿದ್ದರಿಂದ ಚಿತ್ರ ಮಸುಕಾಗಿದೆ ಎಂಬ ಅರ್ಥದ ಮಾತು ಬರೆದಿತ್ತು. ಕಾಪಾಗೆ ಇದು ಚುಚ್ಚಿತು. 1947ರಲ್ಲಿ ಬಂದ ಅವರ ಯುದ್ಧದ ನೆನಪುಗಳ ಪುಸ್ತಕದ ಹೆಸರೇ 'ಸ್ಲೈಟ್ಲಿ ಔಟ್ ಆಫ್ ಫೋಕಸ್'. ತೆಗೆದದ್ದು 106 ಚಿತ್ರ, ಉಳಿದದ್ದು ಎಂಟು, ಕೆಡಿಸಿದ್ದು ಕತ್ತಲೆ ಕೋಣೆಯ ಸಹಾಯಕ ಎಂದು ಅದರಲ್ಲಿ ಬರೆದರು. 1954ರಲ್ಲಿ ಇಂಡೋಚೀನಾದಲ್ಲಿ ನೆಲಬಾಂಬು ಮೆಟ್ಟಿ ಅವರು ತೀರಿಕೊಂಡರು. ಕತೆ ಉಳಿಯಿತು. ಪತ್ರಿಕೋದ್ಯಮದ ತರಗತಿಗಳಲ್ಲಿ, ಜೀವನಚರಿತ್ರೆಗಳಲ್ಲಿ ಮೂರು ತಲೆಮಾರು ಅದನ್ನು ಓದಿತು.

ಕತೆ ಎಷ್ಟು ಚೆನ್ನಾಗಿದೆಯೆಂದರೆ ಯಾರೂ ಅದನ್ನು ಕಪಾಟಿನ ಪಕ್ಕದಲ್ಲಿ ಇಟ್ಟು ನೋಡಲಿಲ್ಲ. 2014ರಲ್ಲಿ, ಘಟನೆಯಾದ ಎಪ್ಪತ್ತು ವರ್ಷಕ್ಕೆ, ಅಮೆರಿಕದ ಛಾಯಾಚಿತ್ರ ವಿಮರ್ಶಕ ಎ. ಡಿ. ಕೋಲ್ಮನ್ ಮತ್ತು ಅವರ ಜೊತೆಗಾರರು ಆ ಕೆಲಸಕ್ಕೆ ಕೈಹಾಕಿದರು. ಅವರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದ ಛಾಯಾಗ್ರಾಹಕ ಜೆ. ರಾಸ್ ಬಾಮನ್ ಇದ್ದರು, ಸೇನಾ ಇತಿಹಾಸ ಬಲ್ಲ ಚಾರ್ಲ್ಸ್ ಹೆರಿಕ್ ಇದ್ದರು. ಅವರೆತ್ತಿದ ಪ್ರಶ್ನೆಗಳು ಯಾವ ಊರಿನ ಸ್ಟುಡಿಯೊದವರಿಗೂ ಅರ್ಥವಾಗುವಂಥವು. ಫಿಲಂ ಒಣಗಿಸಲೆಂದೇ ಮಾಡಿದ ಕಪಾಟು ಜೆಲಾಟಿನ್ ಕರಗುವಷ್ಟು ಬಿಸಿಯಾಗುತ್ತದೆಯೆ? ಕಾರ್ಖಾನೆಯಲ್ಲೇ ಗಟ್ಟಿಗೊಳಿಸಿದ ಪದರ ಅದು. ಮೂರು ರೀಲು ಪೂರ್ತಿ ಬೋಳಾಗುವಷ್ಟು ಕರಗಿದ್ದರೆ, ಅದೇ ಕಪಾಟಿನಲ್ಲಿದ್ದ ನಾಲ್ಕನೆಯದರ ಹನ್ನೊಂದು ಚಿತ್ರಗಳಲ್ಲಿ ಶಾಖದ ಗುರುತಾದರೂ ಇರಬೇಡವೆ? ಚಿತ್ರದ ಅಂಚು ಪಕ್ಕದ ರಂಧ್ರಗಳ ಮೇಲೆ ಬಂದಿರುವುದನ್ನು ಕೆಲವರು ಪದರ ಜಾರಿದ್ದಕ್ಕೆ ಸಾಕ್ಷಿ ಎನ್ನುತ್ತಿದ್ದರು. ಆದರೆ ದಾಳಿಗೆ ಮೊದಲು ಹಡಗಿನ ಮೇಲೆ ಕಾಪಾ ತೆಗೆದ ರೀಲಿನಲ್ಲೂ ಅದೇ ದೋಷವಿದೆ. ಅದು ಕ್ಯಾಮೆರಾ ಮತ್ತು ರೀಲಿನ ಡಬ್ಬಿ ಒಂದಕ್ಕೊಂದು ಸರಿಯಾಗಿ ಕೂಡದ್ದರ ಫಲ ಎಂದು ಇವರು ತೋರಿಸಿದರು.

ಹೆರಿಕ್ ಇನ್ನೊಂದು ಕಡೆಯಿಂದ ಬಂದರು. ತಾನು ಮೊದಲ ಅಲೆಯ ಸೈನಿಕರ ಜೊತೆ ಇಳಿದೆ ಎಂದು ಕಾಪಾ ಬರೆದಿದ್ದರು. ಮೊದಲ ಅಲೆ ದಡ ಮುಟ್ಟಿದ್ದು ಬೆಳಿಗ್ಗೆ ಆರೂವರೆಗೆ. ಸೇನೆಯ ದಾಖಲೆ ಮತ್ತು ಚಿತ್ರಗಳಲ್ಲಿ ಕಾಣುವ ಸುತ್ತಲಿನ ವಿವರ ತಾಳೆ ಹಾಕಿದರೆ ಕಾಪಾ ಬಂದದ್ದು ಎಂಟು ಗಂಟೆಯ ಮೇಲೆ, ಪದಾತಿ ರೆಜಿಮೆಂಟಿನ ಮುಖ್ಯ ಕಚೇರಿಯವರ ದೋಣಿಯಲ್ಲಿ. ದಡದಲ್ಲಿದ್ದದ್ದು ಹೆಚ್ಚೆಂದರೆ ಅರ್ಧ ಗಂಟೆ. ಹಾಗಿದ್ದರೆ ನೂರಾರು ಚಿತ್ರ ಎಲ್ಲಿಂದ ಬರಬೇಕು? ತೆಗೆದದ್ದೇ ಹತ್ತೋ ಹನ್ನೊಂದೋ, ಉಳಿದ ರೀಲುಗಳು ಖಾಲಿ ಎಂಬುದು ಇವರ ತೀರ್ಮಾನ. ಕೈ ನಡುಗಿತು, ಮುಂದೆ ಸಾಧ್ಯವಾಗಲಿಲ್ಲ, ಸಿಕ್ಕ ದೋಣಿ ಹತ್ತಿ ಹಿಂದಿರುಗಿದರು. ಆ ಗುಂಡಿನ ಮಳೆಯಲ್ಲಿ ಹನ್ನೊಂದು ಸಲ ಕ್ಲಿಕ್ಕಿಸಿದ್ದೇ ಯಾರೂ ಕಡಿಮೆ ಎನ್ನಲಾರರು. ಆದರೆ ಪತ್ರಿಕೆಗೆ ಹನ್ನೊಂದು ಸಾಲದೆನಿಸಿರಬೇಕು. ನೂರರಲ್ಲಿ ಉಳಿದ ಹನ್ನೊಂದು ಎಂದರೆ ತೂಕವೇ ಬೇರೆ.

ಕಾಪಾರ ಪರ ನಿಂತವರೂ ಇದ್ದಾರೆ, ವಾದ ಪೂರ್ತಿ ಮುಗಿದಿಲ್ಲ. ಆದರೆ ಆ ರಾತ್ರಿ ಖಾಲಿ ರೀಲುಗಳನ್ನು ಕೈಯಲ್ಲಿ ಹಿಡಿದು ನೋಡಿದ್ದ ಮಾರಿಸ್ ಆಗಿನ್ನೂ ಬದುಕಿದ್ದರು. 97ರ ಪ್ರಾಯದ ಅವರು 2014ರ ಕೊನೆಯಲ್ಲಿ, ಆ ಮೂರು ರೀಲುಗಳಲ್ಲಿ ಮೊದಲಿನಿಂದಲೂ ಏನೂ ಇರದೇ ಇದ್ದಿರಬಹುದು ಎಂದು ಬಹಿರಂಗವಾಗಿ ಒಪ್ಪಿಕೊಂಡರು. ಎಪ್ಪತ್ತು ವರ್ಷ ಹೇಳಿದ ಕತೆಯನ್ನು ಆ ವಯಸ್ಸಿನಲ್ಲಿ ಕೈಬಿಡುವುದು ಸಣ್ಣ ಮಾತಲ್ಲ. 2017ರಲ್ಲಿ ಪ್ಯಾರಿಸ್ಸಿನಲ್ಲಿ, ನೂರು ತುಂಬಿದ ಮೇಲೆ, ಅವರು ನಿಧನರಾದರು.

ಈ ಕತೆಯಲ್ಲಿ ಮಾತಾಡದೆ ಉಳಿದವನೆಂದರೆ ಆ ಹುಡುಗ. ಸಂಪಾದಕರು ನೆನಪು ಬರೆದರು, ಛಾಯಾಗ್ರಾಹಕರು ಪುಸ್ತಕ ಬರೆದರು, ಪತ್ರಿಕೆ ಚಿತ್ರ ಅಚ್ಚುಹಾಕಿತು. ಜಗತ್ತಿನ ಅತಿ ಬೆಲೆಬಾಳುವ ರೀಲುಗಳನ್ನು ಸುಟ್ಟವನೆಂಬ ಹಣೆಪಟ್ಟಿ ಮಾತ್ರ ಅವನದಾಯಿತು. ಕತ್ತಲೆ ಕೋಣೆಯ ಕೆಲಸಕ್ಕೆ ಇದೊಂದು ಶಾಪ. ಚಿತ್ರ ಚೆನ್ನಾಗಿ ಬಂದರೆ ತೆಗೆದವರ ಹೆಸರು, ಬರದಿದ್ದರೆ ತೊಳೆದವನ ಹೆಸರು. ಮುಚ್ಚಳ ತೆಗೆಯುವುದನ್ನೇ ಮರೆತ ಬಂಧುಗಳ ರೀಲಿಗೂ ಸ್ಟುಡಿಯೊದವರೇ ಬೈಸಿಕೊಂಡ ಉದಾಹರಣೆಗಳು ಎಲ್ಲ ಊರಿನಲ್ಲೂ ಇವೆ. ತಪ್ಪನ್ನು ಪತ್ತೆ ಮಾಡುವ ದಾರಿ ಇಲ್ಲದಿರಲಿಲ್ಲ. ಫಿಲಂ ಅಂಚಿನಲ್ಲಿ ಕಾರ್ಖಾನೆಯೇ ಬೆಳಕಿನಿಂದ ಅಚ್ಚೊತ್ತಿದ ಅಂಕಿ, ಅಕ್ಷರಗಳಿರುತ್ತವೆ. ರೀಲು ಖಾಲಿ ಇದ್ದು ಅಂಚಿನ ಅಂಕಿ ಸ್ಪಷ್ಟವಾಗಿ ಕಂಡರೆ ಡೆವಲಪರ್ ತನ್ನ ಕೆಲಸ ಮಾಡಿದೆ, ತಪ್ಪು ಕ್ಯಾಮೆರಾದ ಕಡೆಯದು. ಅಂಕಿಯೂ ಇಲ್ಲವಾದರೆ ಲ್ಯಾಬಿನವರನ್ನು ಕೇಳಬೇಕು. ರೀಲು ಪೂರ್ತಿ ಕಪ್ಪಾಗಿದ್ದರೆ ಎಲ್ಲೋ ಬೆಳಕು ನುಗ್ಗಿದೆ. ಇಷ್ಟು ತಿಳಿದಿದ್ದರೆ ಎಷ್ಟೋ ಜಗಳ ಕೌಂಟರಿನಲ್ಲೇ ತೀರುತ್ತಿತ್ತು.

ಹಾಗೆಂದು ಲ್ಯಾಬುಗಳೆಲ್ಲ ನಿರಪರಾಧಿಗಳೇನಲ್ಲ. ನಷ್ಟವಾದರೆ ಹೊಸ ರೀಲು ಕೊಡುತ್ತೇವೆ, ಅದಕ್ಕಿಂತ ಹೆಚ್ಚಿನ ಹೊಣೆ ಇಲ್ಲ ಎಂಬ ಸಣ್ಣಕ್ಷರದ ಷರತ್ತು ಈ ಉದ್ಯಮದ ಹಳೆಯ ಗುರಾಣಿ. ಇಂಗ್ಲೆಂಡಿನಲ್ಲಿ ಒಬ್ಬರು ಸ್ನೇಹಿತರ ಮದುವೆಯ ಚಿತ್ರ ತೆಗೆದು, ಅದನ್ನೇ ಉಡುಗೊರೆಯಾಗಿ ಕೊಡುವ ಆಸೆಯಿಂದ ತೊಳೆಯಲು ಕೊಟ್ಟರು. ಬಹುಪಾಲು ಚಿತ್ರಗಳು ಕಳೆದುಹೋದವು. ಲ್ಯಾಬಿನವರು ಹೊಸ ರೀಲಿನ ಷರತ್ತು ಮುಂದಿಟ್ಟರು. ಎಕ್ಸಿಟರ್ ಕೌಂಟಿ ನ್ಯಾಯಾಲಯ 1981ರಲ್ಲಿ ಆ ಷರತ್ತು ನ್ಯಾಯವಲ್ಲ ಎಂದಿತು. ಹೆಚ್ಚು ಹಣಕ್ಕೆ ಹೆಚ್ಚು ಜೋಪಾನ ಎಂಬ ಇನ್ನೊಂದು ಆಯ್ಕೆಯನ್ನಾದರೂ ಗಿರಾಕಿಗೆ ಕೊಡಬಹುದಿತ್ತಲ್ಲ ಎಂದು ಕೇಳಿತು. ಪರಿಹಾರ 75 ಪೌಂಡು. ಮದುವೆ ಮತ್ತೆ ನಡೆಯದು ಎಂಬುದಕ್ಕೆ ಕಾನೂನು ಕಟ್ಟಿದ ಬೆಲೆ ಅದು. ಭಾರತದಲ್ಲಿ 1986ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಇಂಥ ದೂರನ್ನು 'ಸೇವಾ ನ್ಯೂನತೆ' ಎಂದು ಗ್ರಾಹಕ ವೇದಿಕೆಗೆ ಒಯ್ಯುವ ದಾರಿ ತೆರೆಯಿತು.

ಕೆಡಿಸಿದ ಕೈಗಳ ಕತೆ ಇಷ್ಟು ಹೇಳಿದ ಮೇಲೆ ಉಳಿಸಿದ ಒಂದು ಕೈಯ ಕತೆಯೂ ಬೇಕು. 1897ರ ಜುಲೈ 11ರಂದು ಸ್ವೀಡನ್ನಿನ ಎಸ್. ಎ. ಆಂಡ್ರೆ, ನೀಲ್ಸ್ ಸ್ಟ್ರಿಂಡ್‌ಬರ್ಗ್, ಕ್ನೂಟ್ ಫ್ರೆಂಕೆಲ್ ಎಂಬ ಮೂವರು ಬಲೂನಿನಲ್ಲಿ ಉತ್ತರ ಧ್ರುವಕ್ಕೆ ಹೊರಟರು. ಮೂರೇ ದಿನಕ್ಕೆ ಬಲೂನು ಹಿಮದ ಮೇಲೆ ಕುಳಿತಿತು. ತಿಂಗಳುಗಟ್ಟಲೆ ಹಿಮದ ಮೇಲೆ ನಡೆದು, ಅಕ್ಟೋಬರಿನಲ್ಲಿ ಕ್ವಿಟೋಯಾ ಎಂಬ ನಿರ್ಜನ ದ್ವೀಪ ಸೇರಿ ಅಲ್ಲೇ ಪ್ರಾಣಬಿಟ್ಟರು. ದಾರಿಯುದ್ದಕ್ಕೂ ಸ್ಟ್ರಿಂಡ್‌ಬರ್ಗ್ ಚಿತ್ರ ತೆಗೆದಿದ್ದರು. 33 ವರ್ಷ ಯಾರಿಗೂ ಸುಳಿವಿರಲಿಲ್ಲ. 1930ರ ಆಗಸ್ಟಿನಲ್ಲಿ ನಾರ್ವೆಯ ಹಡಗೊಂದರವರಿಗೆ ಅವರ ಬಿಡಾರ ಸಿಕ್ಕಿತು. ದ್ವೀಪದಿಂದ ತಂದ ವಸ್ತುಗಳಲ್ಲಿ ಹಿಮದ ನೀರಿನಲ್ಲಿ ನೆನೆದು ಹೆಪ್ಪುಗಟ್ಟಿದ್ದ, ಇನ್ನೂ ತೊಳೆಯದ ಫಿಲಮ್ಮುಗಳೂ ಇದ್ದವು.

ಅವನ್ನು ಸ್ಟಾಕ್‌ಹೋಮಿನ ತಾಂತ್ರಿಕ ವಿದ್ಯಾಲಯದ ಜಾನ್ ಹರ್ಟ್ಸ್‌ಬರ್ಗ್ ಅವರ ಕೈಗೆ ಕೊಟ್ಟರು. ಅಂಚೆಚೀಲ ಕಾಯುತ್ತಿರಲಿಲ್ಲ, ಸಂಚಿಕೆ ತಪ್ಪುವ ಭಯವಿರಲಿಲ್ಲ. 240 ಚಿತ್ರಗಳಲ್ಲಿ 93ನ್ನು ಅವರು ಉಳಿಸಿಕೊಂಡರು. ಒಂದರಲ್ಲಿ ಬಿಳಿಯ ಬಯಲಿನಲ್ಲಿ ಬಲೂನು ಪಕ್ಕಕ್ಕೆ ವಾಲಿ ಬಿದ್ದಿದೆ, ಇಬ್ಬರು ಅದನ್ನು ನೋಡುತ್ತ ನಿಂತಿದ್ದಾರೆ. ಚಿತ್ರದ ಮೇಲೆಲ್ಲ ತೇವದ ಕಲೆಗಳಿವೆ. ಮೂರನೆಯವರು ಕ್ಯಾಮೆರಾದ ಹಿಂದಿದ್ದಾರೆ.